ಬಿಚ್ಚಿದ ಹನ್ನೊಂದು ಸಾಲು

ನವೆಂಬರ್ 3, ಸೋಮವಾರ. ಸಂಜೆ 7.10

ಇಪ್ಪತ್ತಾರು ವರ್ಷದಿಂದ ಬೇರೆಯವರ ಗಾಡಿ ಯಾವಾಗ ಬಂತು, ಯಾವಾಗ ಹೋಯಿತು ಎಂದು ಬರೆಯುತ್ತಿದ್ದೇನೆ. ನನ್ನದು ಅಂತ ಒಂದು ಸಾಲನ್ನೂ ಬರೆದವಳಲ್ಲ. ಇವತ್ತು ಡಿಪೋದಿಂದ ಒಂದು ಖಾಲಿ ರಿಜಿಸ್ಟರ್ ಚೀಲಕ್ಕೆ ಹಾಕಿಕೊಂಡು ಬಂದೆ. ಕದ್ದದ್ದಲ್ಲ, ಬೈಂಡಿಂಗ್ ಕಿತ್ತುಹೋಗಿದೆ ಎಂದು ರದ್ದಿಗೆ ಹಾಕಿದ್ದರು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಕೈಯಾದರೂ ಆಡುತ್ತಿರಲಿ.

ಅಮ್ಮ ಹೋಗಿ ಇವತ್ತಿಗೆ ಇಪ್ಪತ್ತೈದು ದಿನ. ಬೆಳಿಗ್ಗೆ 6.30ರ ಮಾತ್ರೆ, 8ಕ್ಕೆ ಗಂಜಿ, 12.45ಕ್ಕೆ ಊಟ, 4ಕ್ಕೆ ಬೆನ್ನಿಗೆ ಎಣ್ಣೆ, ರಾತ್ರಿ 8ಕ್ಕೆ ಮತ್ತೆ ಮಾತ್ರೆ. ಆರು ವರ್ಷ ಒಂದು ದಿನವೂ ತಪ್ಪಲು ಬಿಟ್ಟಿರಲಿಲ್ಲ. ಈಗಲೂ 6.30ಕ್ಕೆ ಎಚ್ಚರವಾಗುತ್ತದೆ. ಎದ್ದು ನೀರಿನ ಲೋಟ ತೆಗೆದುಕೊಂಡು ಅವಳ ಕೋಣೆಯ ಬಾಗಿಲವರೆಗೂ ಹೋಗುತ್ತೇನೆ. ಆಮೇಲೆ ಆ ನೀರನ್ನು ನಾನೇ ಕುಡಿದು ಬರುತ್ತೇನೆ.

ತಂಗಿ ಇವತ್ತೂ ಫೋನ್ ಮಾಡಲಿಲ್ಲ. ಎಲ್ಲ ಮುಗಿದ ಮರುದಿನ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ್ದಳು: "ನಾವೇನು ಬಸ್ಸಾ ಅಕ್ಕ?" ಅಷ್ಟೇ. ಅದಾದ ಮೇಲೆ ನನ್ನ ಜೊತೆ ಮಾತಿಲ್ಲ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇದೆ. ಯಾರಾದರೂ ಕೇಳಿಸಿಕೊಳ್ಳುವವರು ಬೇಕಲ್ಲ.

ನವೆಂಬರ್ 5, ಬುಧವಾರ. ಸಂಜೆ 7.05

ಮೊದಲು ನನ್ನ ಕೆಲಸದ ವಿಷಯ ಬರೆದುಬಿಡುತ್ತೇನೆ. ಆಗ ಉತ್ತರ ತಾನಾಗಿ ಬರುತ್ತದೆ.

ಹದಿನಾಲ್ಕನೇ ನಂಬರ್ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ನಾನು ಟೈಂಕೀಪರ್. ಒಂದು ತಗಡಿನ ಗೂಡು, ಒಂದು ಗಡಿಯಾರ, ಒಂದು ವಿಸಲ್. ಆರು ಬಸ್ಸು ಊರು ಸುತ್ತಿ ನನ್ನ ಹತ್ತಿರ ಬಂದು ತಿರುಗುತ್ತವೆ. ಹತ್ತು ನಿಮಿಷಕ್ಕೊಂದನ್ನು ವಿಸಲ್ ಊದಿ ಬಿಡಬೇಕು. ಡ್ರೈವರುಗಳು ನನ್ನನ್ನು ವಿಸಲ್ ಮೇಡಂ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೋ ಅನ್ನುತ್ತಾರೆ, ಅದೂ ಗೊತ್ತು.

ಜನ ಬೈಯುತ್ತಾರೆ: ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ನೋಡಿದರೆ ಮೂರು ಒಟ್ಟಿಗೆ ಬರುತ್ತವೆ, ಡ್ರೈವರುಗಳೆಲ್ಲ ಸೇರಿ ಎಲ್ಲೋ ಹರಟುತ್ತಿದ್ದರು ಎಂದು. ಪಾಪ, ಅವರ ತಪ್ಪು ಏನೂ ಇಲ್ಲ. ಯಾವುದೋ ಒಂದು ನಿಲ್ದಾಣದಲ್ಲಿ ಒಬ್ಬಜ್ಜಿ ಮೂಟೆ ಹತ್ತಿಸಲು ಒಂದು ನಿಮಿಷ ತೆಗೆದುಕೊಳ್ಳುತ್ತಾಳೆ. ಆ ಒಂದು ನಿಮಿಷದಲ್ಲಿ ಮುಂದಿನ ನಿಲ್ದಾಣದಲ್ಲಿ ಇನ್ನೂ ನಾಲ್ಕು ಜನ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದರ ಮುಂದೆ ಎಂಟು ಜನ. ಹಿಂದಿನ ಬಸ್ಸಿಗೆ ಜನವೇ ಉಳಿಯುವುದಿಲ್ಲ, ಅದು ಖಾಲಿ ಓಡಿ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ತಾನೇ ತಾನಾಗಿ ಆಗುವುದು. ಅದನ್ನು ಬಿಡಿಸಲೆಂದೇ ನನ್ನಂಥವರಿಗೆ ಸಂಬಳ.

ಒಟ್ಟಿಗೆ ಬಂದರೆ ಒಟ್ಟಿಗೆ ಹೋಗುತ್ತವೆ, ಆಮೇಲೆ ಬಹಳ ಹೊತ್ತು ಏನೂ ಇರುವುದಿಲ್ಲ. ಇದನ್ನು ದಿನಾ ಕಣ್ಣಾರೆ ಕಂಡವಳು ನಾನು.

ಇವತ್ತು ಕಚೇರಿಯಿಂದ ಒಬ್ಬ ಎಂಜಿನಿಯರ್ ಹುಡುಗಿ ಬಂದಿದ್ದಳು. ಸೋಮವಾರದಿಂದ ನಮ್ಮ ದಾರಿಯಲ್ಲಿ ಪ್ರಯೋಗವಂತೆ. ವೇಳಾಪಟ್ಟಿಯೇ ಇರುವುದಿಲ್ಲ! ಪ್ರತಿ ಡ್ರೈವರಿನ ಮುಂದೆ ಒಂದು ಪುಟ್ಟ ಪೆಟ್ಟಿಗೆ. ತನ್ನ ಹಿಂದಿನ ಬಸ್ಸು ಎಷ್ಟು ನಿಮಿಷ ದೂರದಲ್ಲಿದೆ ಎಂದು ಅದು ತೋರಿಸುತ್ತದೆ. ಅದರ ಅರ್ಧದಷ್ಟು ಹೊತ್ತು ನನ್ನ ನಿಲ್ದಾಣದಲ್ಲಿ ಕಾದು ಹೊರಡಬೇಕು. ಮುಗಿಯಿತು.

"ಮತ್ತೆ ನಾನು?" ಎಂದೆ.

"ನೀವು ಬರೆದುಕೊಂಡ್ರೆ ಸಾಕು ಮೇಡಂ. ವಿಸಲ್ ಬೇಡ."

ವಿಸಲ್ ಬೇಡವಂತೆ.

ನವೆಂಬರ್ 9, ಭಾನುವಾರ. ಮಧ್ಯಾಹ್ನ 2.40

ಭಾನುವಾರ ನನಗೆ ಬೆಳಗಿನ ಪಾಳಿ, ಎಂಟರಿಂದ ಒಂದು. ಉಳಿದ ದಿನ ಕೆಳಗಿನ ಮನೆಯ ಟೈಲರಮ್ಮ ತನ್ನ ಕಾಜ, ಗುಂಡಿಯ ಕೆಲಸ ತಂದು ಅಮ್ಮನ ಪಕ್ಕ ಕೂರುತ್ತಿದ್ದಳು. ಭಾನುವಾರ ಅವಳಿಗೂ ರಜ ಬೇಕಲ್ಲ. ಅದಕ್ಕೆ ನಾನೇ ಒಂದು ಪಟ್ಟಿ ಮಾಡಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಒಂದು ಭಾನುವಾರ ದೊಡ್ಡ ತಮ್ಮ, ಮುಂದಿನದು ಚಿಕ್ಕ ತಮ್ಮ, ಅದರ ಮುಂದಿನದು ತಂಗಿ. ಮತ್ತೆ ಮೊದಲಿಂದ. ಮೂವರಿಗೂ ಮನೆ, ಮಕ್ಕಳು, ಕೆಲಸ. ಪಟ್ಟಿ ಇಲ್ಲದಿದ್ದರೆ ಯಾವ ಭಾನುವಾರ ಯಾರು ಕೈಕೊಡುತ್ತಾರೋ ಹೇಳಲಾಗದು.

ಒಂದು ಸಲ ಅಮ್ಮ ಕೇಳಿದ್ದಳು: "ಒಂದು ಭಾನುವಾರ ಮೂವರೂ ಒಟ್ಟಿಗೆ ಬರ್ಲಿ ಕಣೆ. ನೀನೂ ರಜ ಹಾಕು."

"ಒಟ್ಟಿಗೆ ಬಂದ್ರೆ ಆಮೇಲೆ ಎರಡು ವಾರ ಒಬ್ರೂ ಬರಲ್ಲಮ್ಮ. ನಂಗೊತ್ತಿಲ್ವಾ?"

ಅವಳು ಇನ್ನೊಂದು ಸಲ ಕೇಳಲಿಲ್ಲ.

ಅಕ್ಟೋಬರ್ ಐದು ತಂಗಿಯ ಸರದಿ. ಬಂದು ಹೋದಳು. ಏಳನೇ ತಾರೀಖು ಅಮ್ಮನಿಗೆ ಮೈ ಬಿಸಿಯಾಯಿತು. ತಂಗಿ ಫೋನ್ ಮಾಡಿ, ನಾಳೆ ಬರ್ತೀನಿ ಅಕ್ಕ, ಯಾಕೋ ಮನಸ್ಸು ತಡೀತಿಲ್ಲ ಅಂದಳು. "ನೀನು ಮೊನ್ನೆ ತಾನೆ ಬಂದು ಹೋಗಿದ್ದೀಯ. ಈ ಭಾನುವಾರ ದೊಡ್ಡವನ ಸರದಿ. ಜ್ವರ ಅಷ್ಟೇ, ಡಾಕ್ಟ್ರು ನೋಡಿದ್ದಾರೆ, ಸುಮ್ನೆ ಓಡಾಡ್ಬೇಡ," ಅಂದೆ. ಅವಳ ಒಳ್ಳೆಯದಕ್ಕೇ ಹೇಳಿದ್ದು. ಒಂಬತ್ತನೇ ತಾರೀಖು, ಗುರುವಾರ, ಬೆಳಿಗ್ಗೆ 5.50ಕ್ಕೆ ಅಮ್ಮ ಹೋದಳು. ಗುರುವಾರ ಪಟ್ಟಿಯಲ್ಲಿ ಯಾರ ಸರದಿಯೂ ಅಲ್ಲ.

ಇದು ನನ್ನ ಉತ್ತರ. ಬರೆದ ಮೇಲೆ ಓದಿಕೊಂಡೆ. ಉತ್ತರದ ಹಾಗೆ ಕಾಣುತ್ತಿಲ್ಲ.

ಪಟ್ಟಿ ಇನ್ನೂ ಬಾಗಿಲಲ್ಲೇ ಇದೆ. ಅದರ ಪ್ರಕಾರ ಇವತ್ತು ಚಿಕ್ಕ ತಮ್ಮ ಬರಬೇಕು.

ನವೆಂಬರ್ 12, ಬುಧವಾರ. ಸಂಜೆ 7.30

ಪ್ರಯೋಗದ ಮೂರನೇ ದಿನ. ಅಯ್ಯೋ, ಕೇಳಬಾರದು ಅದರ ಪಾಡು.

ಹನ್ನೊಂದು ಗಂಟೆಗೆ ಎರಡು ಬಸ್ಸು ಒಂದರ ಬಾಲ ಒಂದು ಹಿಡಿದು ಬಂದವು. ಮುಂದಿನದು ಪೆಟ್ಟಿಗೆ ನೋಡಿಕೊಂಡು ತಕ್ಷಣ ಹೊರಟಿತು. ಹಿಂದಿನದು ರಾಕೆಟ್‌ನ ಗಾಡಿ. ನಮ್ಮ ಇಡೀ ಡಿಪೋದಲ್ಲಿ ಅತಿ ನಿಧಾನದ ಡ್ರೈವರಿಗೆ ರಾಕೆಟ್ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅವನ ಹಿಂದಿನ ಬಸ್ಸು ಇಪ್ಪತ್ತನಾಲ್ಕು ನಿಮಿಷ ದೂರ. ಅಂದರೆ ಇವನು ಹನ್ನೆರಡು ನಿಮಿಷ ನಿಲ್ಲಬೇಕು. ಬಸ್ಸಿನ ತುಂಬ ಜನ. ಇವನು ಆರಾಮಾಗಿ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಕೂತ.

"ಏನ್ರೀ, ಇಲ್ಲೇ ಮಲಗ್ತೀರಾ?" ಎಂದು ಒಬ್ಬರು ಕೂಗಿದರು. ನಾಲ್ಕು ನಿಮಿಷ ತಡೆದುಕೊಂಡೆ. ಐದನೇ ನಿಮಿಷಕ್ಕೆ ನನ್ನ ಕೈ ಸುಮ್ಮನಿರಲಿಲ್ಲ. ಊದಿದೆ. ಇಪ್ಪತ್ತು ವರ್ಷದ ಅಭ್ಯಾಸ, ರಾಕೆಟ್ ಗೇರು ಹಾಕಿ ಹೊರಟುಬಿಟ್ಟ. ಮಧ್ಯಾಹ್ನ ಮತ್ತೆ ಎರಡು ಸಲ ಊದಿದೆ.

ಸಂಜೆ ಎಂಜಿನಿಯರ್ ಹುಡುಗಿ ತನ್ನ ಕಂಪ್ಯೂಟರ್ ತೆರೆದು ನೋಡಿದಳು. ಜೋರು ಮಾಡಲಿಲ್ಲ.

"ಮೇಡಂ, ಇಲ್ಲಿ ಮೂರು ಸಲ ಯಾರೋ ಕೈಹಾಕಿದ್ದಾರೆ. ಪ್ರತಿ ಸಲ ಸರಿಹೋಗ್ತಾ ಇತ್ತು, ಅಷ್ಟರಲ್ಲಿ ಮತ್ತೆ ಕೆಟ್ಟಿದೆ."

"ಜನ ಬೈತಾ ಇದ್ರು."

"ಬೈಲಿ. ಒಂದು ವಾರ ಬಿಟ್ಟುಬಿಡಿ. ಪ್ಲೀಸ್."

ವಿಸಲನ್ನು ಡ್ರಾಯರ್‌ನಲ್ಲಿ ಇಟ್ಟು ಬೀಗ ಹಾಕಿ ಬೀಗದ ಕೈ ಅವಳಿಗೇ ಕೊಟ್ಟೆ. ಸಿಟ್ಟಿನಿಂದ ಕೊಟ್ಟದ್ದು. ಅವಳು ಥ್ಯಾಂಕ್ಸ್ ಅಂದಳು.

ನವೆಂಬರ್ 16, ಭಾನುವಾರ. ಸಂಜೆ 6.20

ಇವತ್ತು ಅಮ್ಮನ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ತೆಗೆದೆ. ಹಳೆ ಸೀರೆ, ಎರಡು ಕನ್ನಡಕ, ಅಪ್ಪನ ಒಂದು ಅಂಗಿ. ಅದರ ಅಡಿಯಲ್ಲಿ ಕಡ್ಡಿ ಸಮೇತ ಅರ್ಧ ಹೆಣೆದ ಒಂದು ಶಾಲು. ನೀಲಿ ಉಣ್ಣೆ. ಹೆಚ್ಚುಕಡಿಮೆ ನನ್ನ ಎದೆಯೆತ್ತರ ಉದ್ದ ಆಗಿದೆ.

ಅಮ್ಮ ಹೆಣೆಯುತ್ತಿದ್ದಳು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅವಳ ಬೆರಳು ಒಂದು ಗುಂಡಿ ಹಾಕಲೂ ಒದ್ದಾಡುತ್ತಿದ್ದವು. ಹೆಣಿಗೆ ನೋಡಿದರೇ ತಿಳಿಯುತ್ತದೆ. ಒಂದು ಕಡೆ ಉಸಿರು ಕಟ್ಟುವಷ್ಟು ಬಿಗಿ, ಒಂದು ಕಡೆ ಕುಣಿಕೆ ತಪ್ಪಿ ತೂತು, ಮೇಲಿನ ತುದಿಯಲ್ಲಂತೂ ಮೀನಿನ ಬಲೆಯಷ್ಟು ಸಡಿಲ. ನಡುನಡುವೆ ಎರಡೆರಡು ಸಾಲು ಮಾತ್ರ ಅಚ್ಚುಕಟ್ಟು. ಒಳ್ಳೆಯ ದಿನ, ಕೆಟ್ಟ ದಿನ ಎಂದುಕೊಂಡೆ.

ಹಾಗೇ ಬಿಡಲು ಮನಸ್ಸಾಗಲಿಲ್ಲ. ಅಮ್ಮನ ಕೊನೆಯ ಕೆಲಸ, ನೇರವಾಗಿ ಮುಗಿಸಿ ಇಟ್ಟುಕೊಳ್ಳೋಣ ಅನ್ನಿಸಿತು. ಕಡ್ಡಿಯಿಂದ ಜಾರಿಸಿ ಮೇಲಿನ ಸಡಿಲ ಭಾಗವನ್ನು ಬಿಚ್ಚಿದೆ. ಹನ್ನೊಂದು ಸಾಲು. ಅದರ ಕೆಳಗಿನ ಎರಡು ನೇರವಾಗಿದ್ದವು, ಅಲ್ಲಿಗೆ ನಿಲ್ಲಿಸಿ ಕುಣಿಕೆಗಳನ್ನು ಮತ್ತೆ ಕಡ್ಡಿಗೆ ಏರಿಸಿಟ್ಟೆ. ಉಣ್ಣೆ ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ಮಡಿಲಲ್ಲಿ ಬಿತ್ತು. ನಾಳೆ ಒದ್ದೆ ಮಾಡಿ ನೇರ ಮಾಡಬೇಕು.

ಎಷ್ಟೋ ದಿನದ ಮೇಲೆ ಎರಡು ಗಂಟೆ ಹೇಗೆ ಹೋಯಿತೆಂದೇ ತಿಳಿಯಲಿಲ್ಲ. ಹೊಟ್ಟೆ ತುಂಬ ಊಟ ಮಾಡಿದೆ.

ನವೆಂಬರ್ 18, ಮಂಗಳವಾರ. ರಾತ್ರಿ 8

ಟೈಲರಮ್ಮ ತನ್ನಲ್ಲಿದ್ದ ನಮ್ಮ ಮನೆಯ ಬೀಗದ ಕೈ ಹಿಂದಿರುಗಿಸಲು ಮೇಲೆ ಬಂದಳು. ಮೇಜಿನ ಮೇಲಿನ ಉಣ್ಣೆ ನೋಡಿ ಅಲ್ಲೇ ನಿಂತಳು.

"ಅಯ್ಯೋ, ಇದನ್ನ ಬಿಚ್ಚಿದ್ಯಾರು?"

"ನಾನೇ. ತುಂಬ ಸಡಿಲ ಇತ್ತು. ಅಮ್ಮನ ಕೈಲಿ ಶಕ್ತಿ ಎಲ್ಲಿತ್ತು ಪಾಪ."

"ಅಮ್ಮಂದಲ್ಲ ಕಣ್ರೀ ಅದು. ನಿಮ್ಮ ತಂಗಿ ಹಾಕಿದ್ದು."

ನನಗೆ ಅರ್ಥವಾಗಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. ಭಾನುವಾರ ಯಾರು ಬಂದರೂ ಅಮ್ಮ ಮೊದಲು ಆ ಪೆಟ್ಟಿಗೆ ಎಳೆಸುತ್ತಿದ್ದಳಂತೆ. "ನಿನ್ನ ಪಾಲು ಹಾಕು" ಅನ್ನುತ್ತಿದ್ದಳಂತೆ. ಎಷ್ಟು ಸಾಲು ಎಂದು ಹೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾಲ್ವರಿಗೂ ಹೆಣಿಗೆ ಕಲಿಸಿದ್ದಳಲ್ಲ, ಗಂಡುಮಕ್ಕಳು ಅಂತ ಬಿಟ್ಟಿರಲಿಲ್ಲ. ದೊಡ್ಡವನು ಬಂದಾಗ ಅವನ ಪಾಲು, ಚಿಕ್ಕವನು ಬಂದಾಗ ಅವನದು. ಹಿಂದಿನವರು ಹಾಕಿದ್ದನ್ನು ತೋರಿಸಿ, ಇದು ನಿನ್ನ ತಮ್ಮಂದು, ಇದು ನಿನ್ನ ತಂಗೀದು ಎಂದು ಮುಟ್ಟಿಸುತ್ತಿದ್ದಳಂತೆ.

"ಒಟ್ಟಿಗಂತೂ ನೋಡಕ್ಕಾಗಲ್ಲ, ಇಲ್ಲಾದ್ರೂ ಒಟ್ಟಿಗಿರ್ಲಿ ಅಂತಿದ್ರು," ಅಂದಳು.

"ನನಗೆ ಯಾಕೆ ಹೇಳ್ಲಿಲ್ಲ?"

ಟೈಲರಮ್ಮ ಸೆರಗಿನ ಅಂಚು ತಿರುವುತ್ತಾ ಕೂತಳು. ಬಾಯಿ ಬಿಡಿಸಲು ಎರಡು ಸಲ ಕೇಳಬೇಕಾಯಿತು.

"ಬೇಜಾರು ಮಾಡ್ಕೋಬೇಡಿ. ಅವಳ ಕಣ್ಣಿಗೆ ಬಿದ್ರೆ ಎಲ್ಲಾ ಬಿಚ್ಚಿ ಒಂದೇ ಸಮ ಮಾಡಿಬಿಡ್ತಾಳೆ ಅಂತಿದ್ರು. ಮೆಟ್ಟಿಲ ಮೇಲೆ ನಿಮ್ಮ ಹೆಜ್ಜೆ ಕೇಳಿದ್ರೆ ಸಾಕು, ಒಳಗೆ ತಳ್ಳು ತಳ್ಳು ಅನ್ನೋರು."

ನವೆಂಬರ್ 19, ಬುಧವಾರ

ಬಸ್ಸುಗಳು ಬಂದವು, ಹೋದವು. ಬರೆದೆ.

ನವೆಂಬರ್ 22, ಶನಿವಾರ. ಸಂಜೆ

ಮೂರು ದಿನದಿಂದ ಆ ಶಾಲನ್ನು ರಿಜಿಸ್ಟರ್ ಓದುವ ಹಾಗೆ ಓದುತ್ತಿದ್ದೇನೆ. ಕೆಳಗಿನಿಂದ ಎಂಟು ಸಾಲು ಬಿಗಿ: ದೊಡ್ಡ ತಮ್ಮ. ವೆಲ್ಡಿಂಗ್ ಮಾಡುವ ಕೈ, ಏನು ಹಿಡಿದರೂ ಬಿಡುವುದಿಲ್ಲ. ಎರಡು ಸಾಲು ನೇರ. ಆಮೇಲೆ ಐದು ಸಾಲು ತೂತು ತೂತು: ಚಿಕ್ಕವನು, ಮಾತು ಶುರು ಮಾಡಿದರೆ ಕೈ ಮರೆಯುತ್ತಾನೆ. ಎರಡು ಸಾಲು ನೇರ. ಹತ್ತು ಸಾಲು ಸಡಿಲ: ತಂಗಿ. ಮತ್ತೆ ಎರಡು ನೇರ. ಹೀಗೆ ಐದು ಸುತ್ತು. ಹದಿನೈದು ಭಾನುವಾರ. ಕೊನೆಯದನ್ನು ನಾನು ಬಿಚ್ಚಿದ್ದೇನೆ. ಅದು ಅಕ್ಟೋಬರ್ ಐದು. ತಂಗಿ ಅಮ್ಮನ ಪಕ್ಕ ಕೂತ ಕೊನೆಯ ದಿನ.

ನೇರ ಸಾಲುಗಳು ಅಮ್ಮನವೇ ಇರಬೇಕು. ವಾರವಿಡೀ ಕೂತು ಎರಡೇ ಸಾಲು ಹಾಕಿದ್ದಾಳೆ.

ಯಾರೂ ಲೆಕ್ಕ ಹೇಳಿರಲಿಲ್ಲ, ಮಾದರಿ ಕೊಟ್ಟಿರಲಿಲ್ಲ. ಆದರೂ ಗೋಡೆಗೆ ಹಿಡಿದು ದೂರದಿಂದ ನೋಡಿದರೆ ಯಾರೋ ಯೋಚಿಸಿ ಹಾಕಿದ ಪಟ್ಟೆಗಳ ಹಾಗೆ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ನನ್ನ ಕೈ ಇಲ್ಲ. ಆರು ವರ್ಷ ಅವಳ ಮೈ ತೊಳೆದವಳು ನಾನು. ನನ್ನ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಳು. ಹೊಟ್ಟೆ ಉರಿಯುತ್ತದೆ, ಆಮೇಲೆ ಅಳು ಬರುತ್ತದೆ, ಆಮೇಲೆ ಅವಳು ಹೇಳಿದ್ದು ನಿಜವೇ ಆಯಿತಲ್ಲ ಎಂದು ನೆನಪಾಗುತ್ತದೆ. ತಂಗಿಗೆ ಎಂಟು ವರ್ಷವಿದ್ದಾಗ ಅವಳು ಹೆಣೆದ ಟೋಪಿಯನ್ನು ರಾತ್ರೋರಾತ್ರಿ ಬಿಚ್ಚಿ ಸರಿಯಾಗಿ ಹೆಣೆದು ದಿಂಬಿನ ಪಕ್ಕ ಇಟ್ಟಿದ್ದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಅದನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ.

ಸುರುಳಿ ಉಣ್ಣೆಯನ್ನು ಒದ್ದೆ ಮಾಡಿಲ್ಲ. ಉಂಡೆಯನ್ನೂ ಸುತ್ತಿಲ್ಲ. ಬಿದ್ದ ಹಾಗೇ ಒಂದು ತಟ್ಟೆಯಲ್ಲಿ ಇಟ್ಟಿದ್ದೇನೆ.

ನವೆಂಬರ್ 25, ಮಂಗಳವಾರ. ಸಂಜೆ

ಬಸ್ಸುಗಳು ಸರಿಹೋಗಿವೆ. ಬರೆಯಲು ಕೈ ಬರುತ್ತಿಲ್ಲ, ಆದರೆ ನಿಜ. ಒಂಬತ್ತು ನಿಮಿಷ, ಹನ್ನೊಂದು, ಹತ್ತು, ಹತ್ತು, ಒಂಬತ್ತು. ನಾನು ಇಪ್ಪತ್ತಾರು ವರ್ಷ ಊದಿ ಊದಿ ಒಂದು ದಿನವೂ ಇಷ್ಟು ಸಮ ಬಂದಿರಲಿಲ್ಲ.

"ಯಾರೂ ಹೇಳದೆ ಹೇಗೆ ಸರಿಹೋಯ್ತು?" ಎಂದು ಎಂಜಿನಿಯರ್ ಹುಡುಗಿಯನ್ನು ಕೇಳಿದೆ.

"ಪ್ರತಿಯೊಬ್ರೂ ತಮ್ಮ ಹಿಂದಿನವರನ್ನ ಒಂಚೂರು ನೋಡಿಕೊಂಡ್ರೆ ಸಾಕು ಮೇಡಂ. ಇಡೀ ದಾರಿ ಯಾರಿಗೂ ಗೊತ್ತಿರಬೇಕಾಗಿಲ್ಲ." ಆಮೇಲೆ ಗೂಡಿನ ಎದುರಿನ ತಂತಿ ತೋರಿಸಿದಳು. ಅಲ್ಲಿ ಹಕ್ಕಿಗಳು ಅಳೆದಿಟ್ಟ ಹಾಗೆ ಕೂತಿದ್ದವು. ಹೊಸದೊಂದು ಬಂದು ನಡುವೆ ಕೂತಿತು. ಎರಡೂ ಪಕ್ಕದವು ಒಂದಿಷ್ಟು ಸರಿದವು, ಅವುಗಳ ಪಕ್ಕದವೂ ಸರಿದವು. ಅರ್ಧ ನಿಮಿಷದಲ್ಲಿ ಮತ್ತೆ ಎಲ್ಲ ಸಮ. "ಅಲ್ಲಿ ವಿಸಲ್ ಊದೋರು ಯಾರಿದ್ದಾರೆ?" ಅಂದಳು. ನಗುತ್ತಲೇ ಅಂದದ್ದು.

ನನಗೆ ನಗು ಬರಲಿಲ್ಲ. ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದೇನು?

ನವೆಂಬರ್ 27, ಗುರುವಾರ

ತಂಗಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಟ್ ಮಾಡಿದಳು. ಅರ್ಧ ಗಂಟೆ ಕೂತು ಮೆಸೇಜ್ ಬರೆದೆ. ಮೊದಲು ಉದ್ದ ಬರೆದಿದ್ದೆ, ಜ್ವರದ್ದು, ಡಾಕ್ಟರದ್ದು, ಯಾಕೆ ಬೇಡ ಅಂದೆ ಎನ್ನುವುದು. ಎಲ್ಲ ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟು:

"ಅಮ್ಮನ ಪೆಟ್ಟಿಗೆಯಲ್ಲಿ ಶಾಲು ಸಿಕ್ತು. ನಿನ್ನ ಕೊನೇ ಸಾಲುಗಳನ್ನ ನಾನು ಬಿಚ್ಚಿಬಿಟ್ಟೆ. ಗೊತ್ತಿರಲಿಲ್ಲ. ತಪ್ಪಾಯ್ತು. ಅವತ್ತು ನಿನ್ನನ್ನ ಬರ್ಬೇಡ ಅಂದಿದ್ದೂ ತಪ್ಪು."

ಓದಿದ್ದಾಳೆ. ಎರಡು ನೀಲಿ ಟಿಕ್ ಬಂತು. ಉತ್ತರ ಇಲ್ಲ.

ಡಿಸೆಂಬರ್ 1, ಸೋಮವಾರ

ಉತ್ತರ ಇಲ್ಲ.

ಇವತ್ತು ಬಾಗಿಲ ಪಟ್ಟಿಯ ಮೇಲೆ ಎಣ್ಣೆಕೈ ತಗುಲಿ ಕಲೆಯಾಯಿತು. ಒರೆಸಲು ಹೋಗಿ ಮೂಲೆ ಹರಿಯಿತು. ಪೂರ್ತಿ ಕಿತ್ತೆ.

ಡಿಸೆಂಬರ್ 4, ಗುರುವಾರ

ಕಚೇರಿಯಿಂದ ಆದೇಶ ಬಂದಿದೆ. ಹೊಸ ಕ್ರಮವೇ ಮುಂದುವರಿಯುತ್ತದೆ. ಜನವರಿಯಿಂದ ನನಗೆ ಡಿಪೋದ ಕಳೆದ ಸಾಮಾನಿನ ಕೋಣೆ. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ. ಯಾರಾದರೂ ಹುಡುಕಿಕೊಂಡು ಬರುವವರೆಗೆ ಕಾಯುವುದು. ರಾಕೆಟ್ ಗೂಡಿನ ಹತ್ತಿರ ಬಂದು, "ನೀವಿಲ್ದೆ ಬೇಜಾರಾಗುತ್ತೆ ಮೇಡಂ, ಬೈಯೋರೇ ಇರಲ್ಲ," ಅಂದ. ಅವನ ಬಸ್ಸಿಗೆ ಇನ್ನೂ ಮೂರು ನಿಮಿಷ ಇತ್ತು. ಪೂರ್ತಿ ಮೂರು ನಿಮಿಷ ನನ್ನ ಜೊತೆ ನಿಂತಿದ್ದ. ಇಪ್ಪತ್ತು ವರ್ಷದಲ್ಲಿ ಅವನಿಗೆ ಇಬ್ಬರು ಹೆಣ್ಣುಮಕ್ಕಳು ಎಂದು ನಾನು ಕೇಳಿರಲೇ ಇಲ್ಲ.

ಬೆಳಿಗ್ಗೆ ಗಾಳಿ ಜೋರು, ಚಳಿ ಚುಚ್ಚುತ್ತಿತ್ತು. ತಂತಿಯ ಮೇಲಿನ ಹಕ್ಕಿಗಳು ಇವತ್ತು ಅಂತರವನ್ನೆಲ್ಲ ಬಿಟ್ಟು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಎಂಜಿನಿಯರ್ ಹುಡುಗಿ ಇದ್ದಿದ್ದರೆ ಕೇಳುತ್ತಿದ್ದೆ.

ಸಂಜೆ ದೊಡ್ಡ ತಮ್ಮ ಫೋನ್ ಮಾಡಿದ. ಅಪ್ಪನ ಅಂಗಿ ಬೇಕಂತೆ.

"ಯಾವ ಭಾನುವಾರ ಬರ್ಲಿ ಅಕ್ಕ? ಎಷ್ಟು ಗಂಟೆಗೆ?"

"ನಿಂಗೆ ಯಾವಾಗ ಆಗುತ್ತೋ ಆಗ ಬಾ."



"ಅಕ್ಕ, ಹುಷಾರಾಗಿದ್ದೀಯ ತಾನೆ?"

"ಹ್ಞೂಂ."

"ಇಲ್ಲ, ಟೈಮ್ ಹೇಳ್ತಿಲ್ವಲ್ಲ ನೀನು."

"ಬಾಗಿಲು ತೆಗೆದಿರುತ್ತೆ. ಬಾ," ಎಂದೆ. ಇದರಲ್ಲಿ ಗಾಬರಿಯಾಗುವಂಥದ್ದು ಏನಿದೆಯೋ.

ಭಾನುವಾರ

ಪಾಳಿ ಮುಗಿಸಿ ಮೆಟ್ಟಿಲು ಹತ್ತಿದರೆ ಬಾಗಿಲ ಮುಂದೆ ಮೂರು ಜೊತೆ ಚಪ್ಪಲಿ. ಟೈಲರಮ್ಮನ ಹತ್ತಿರ ಬೀಗದ ಕೈ ಮತ್ತೆ ಕೊಟ್ಟಿದ್ದೆ, ಅವಳೇ ತೆಗೆದಿದ್ದಳು. ಒಂದು ಜೊತೆ ತಂಗಿಯದು. ಎಡಗಾಲಿನ ಪಟ್ಟಿ ಯಾವಾಗಲೂ ಹಾಗೆ ಮಡಚಿಕೊಂಡಿರುತ್ತದೆ. ನನ್ನ ಚಪ್ಪಲಿ ಬಿಡಲು ಜಾಗ ಮಾಡಿಕೊಳ್ಳುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ದೊಡ್ಡವನು ನನ್ನ ಫೋನ್ ಇಟ್ಟ ಕೂಡಲೇ ಚಿಕ್ಕವನಿಗೆ, ಅಕ್ಕ ಟೈಮ್ ಹೇಳಲಿಲ್ಲ ಕಣೋ, ಏನೋ ಆಗಿದೆ ಎಂದಿದ್ದಾನೆ. ಚಿಕ್ಕವನು ಅದಕ್ಕೆ ರೆಕ್ಕೆ ಪುಕ್ಕ ಸೇರಿಸಿ ತಂಗಿಗೆ ಹೇಳಿದ್ದಾನೆ. ಒಬ್ಬರಿಗೊಬ್ಬರು ಕೇಳಿಕೊಳ್ಳದೆ ಮೂವರೂ ಹನ್ನೆರಡರ ಹೊತ್ತಿಗೆ ಬಂದು ಬಾಗಿಲಲ್ಲೇ ಭೇಟಿಯಾಗಿದ್ದಾರೆ.

"ನಾವು ನೀನು ಮಲಗಿದ್ದೀಯ ಅಂತ ಬಂದ್ರೆ, ನೀನು ಡ್ಯೂಟಿಗೆ ಹೋಗಿದ್ದೀಯ!" ಎಂದ ಚಿಕ್ಕವನು. ನಿರಾಸೆಯಾದವನ ಹಾಗೆ ಅಂದ.

ತಂಗಿ ನಗಲಿಲ್ಲ. ಅಮ್ಮನ ಮಂಚದ ಮೇಲೆ ಕೂತಿದ್ದಳು. ತಟ್ಟೆ ಅವಳ ಮುಂದಿತ್ತು. ಸುರುಳಿ ಉಣ್ಣೆಯನ್ನು ಬೆರಳಲ್ಲಿ ಎಳೆದು ಬಿಡುತ್ತಿದ್ದಳು. ಅದು ಮತ್ತೆ ಸುರುಳಿಯಾಗುತ್ತಿತ್ತು.

"ಎಷ್ಟು ಸಾಲು ಬಿಚ್ಚಿದೆ?"

"ಹನ್ನೊಂದು."

"ಎಣಿಸಿದ್ಯಾ?"

"ಹ್ಞೂಂ."

"ಎಣಿಸದೆ ಇರ್ತೀಯಾ ನೀನು." ಉಣ್ಣೆಯನ್ನು ತಟ್ಟೆಗೆ ಹಾಕಿ ಹೇಳಿದಳು: "ಅವತ್ತು ಅಮ್ಮ ಬಿಡ್ಲೇ ಇಲ್ಲ. ಇನ್ನೊಂದು ಸಾಲು ಹಾಕು, ಇನ್ನೊಂದು ಹಾಕು ಅಂತ. ನಂಗೆ ಬಸ್ಸಿಗೆ ಹೊತ್ತಾಗ್ತಿತ್ತು. ಅದಕ್ಕೇ ಅಷ್ಟು ಸಡಿಲ. ಓಡಿಸ್ತಿದ್ದೆ."

ನಾನು ನಿಂತೇ ಇದ್ದೆ.

"ಇದು ಮತ್ತೆ ಹಾಗೇ ಬರಲ್ಲ ಅಕ್ಕ."

"ಗೊತ್ತು."

ದೊಡ್ಡವನು ಕಿಟಕಿ ಕಡೆ ತಿರುಗಿದ್ದ. ಚಿಕ್ಕವನಿಗೆ ಮೌನ ಅಂದರೆ ಆಗದು. ಶಾಲನ್ನು ಎತ್ತಿ, "ಹೋಗ್ಲಿ, ಅಕ್ಕನ ಸಾಲುಗಳು ಇವೆಯಲ್ಲ. ನೋಡು, ಸ್ಕೇಲ್ ಇಟ್ಟು ಗೆರೆ ಹಾಕಿದ ಹಾಗಿದೆ," ಅಂದ.

"ನಂದು ಎಲ್ಲಿದೆ? ನಂಗೆ ಇದು ಇರೋದೇ ಗೊತ್ತಿರಲಿಲ್ಲ."

"ಇವು ಮತ್ತೆ? ನೇರ ಇರೋವು? ಪ್ರತಿ ಸಲ ಅಮ್ಮ ತೋರಿಸ್ತಿದ್ಲಲ್ಲ, ಇದು ಅಕ್ಕ ಹಾಕಿದ್ದು ಅಂತ."

"ನಂಗೂ ಹಾಗೇ ಹೇಳಿದ್ಲು," ಅಂದ ದೊಡ್ಡವನು.

ತಂಗಿ ನನ್ನ ಮುಖ ನೋಡಿದಳು. ಅವಳಿಗೂ ಆಗ ತಿಳಿಯಿತು, ನನಗೂ ಆಗ ತಿಳಿಯಿತು. ಗುಂಡಿ ಹಾಕಲಾಗದ ಬೆರಳಲ್ಲಿ ಅಮ್ಮ, ನಾನು ಡ್ಯೂಟಿಗೆ ಹೋದ ಮೇಲೆ, ಸೋಮವಾರದಿಂದ ಶನಿವಾರದವರೆಗೆ ಕೂತು ಎರಡು ಸಾಲು. ನನ್ನದರ ಹಾಗೆ ಕಾಣಬೇಕಲ್ಲ, ಅದಕ್ಕೆ ಅಷ್ಟು ನೇರ. ಎಷ್ಟು ಸಲ ತಪ್ಪಿ, ಎಷ್ಟು ಸಲ ಬಿಚ್ಚಿ ಹಾಕಿದ್ದಳೋ. ನನ್ನ ಸರದಿಯನ್ನೂ ಅವಳೇ ತುಂಬಿದ್ದಳು.

ಅಳು ತಡೆಯಲಾಗಲಿಲ್ಲ. ಮಂಚದ ಮೇಲೆ ಕೂತುಬಿಟ್ಟೆ. ತಂಗಿ ಮುಟ್ಟಲಿಲ್ಲ, ಆದರೆ ಸರಿದು ಜಾಗ ಮಾಡಿದಳು. ಆಮೇಲೆ ಕಡ್ಡಿಗಳನ್ನು ನನ್ನ ಕೈಗೆ ಕೊಟ್ಟಳು.

"ನಿಂದು ಒಂದು ಸಾಲು ಹಾಕು. ನಿಜವಾಗ್ಲೂ ನಿಂದು."

ಆ ಸುರುಳಿ ಉಣ್ಣೆಯಲ್ಲೇ ಹಾಕಿದೆ. ಅವಳು ತಟ್ಟೆಯಿಂದ ಒಂದೊಂದೇ ಮೊಳ ಬಿಡಿಸಿ ಕೊಡುತ್ತಿದ್ದಳು. ಕಣ್ಣು ಮಂಜಾಗಿತ್ತು. ನಡುವೆ ಎರಡು ಕುಣಿಕೆ ಜಾರಿದ್ದು ಸಾಲು ಮುಗಿದ ಮೇಲೆ ಗೊತ್ತಾಯಿತು. ದೊಡ್ಡ ತೂತು. ಚಿಕ್ಕವನು, "ಅರೆ, ಇದು ನನ್ನ ಸಾಲಿನ ಹಾಗಿದೆ!" ಎಂದು ಕುಣಿದಾಡಿದ. ನನ್ನ ಬೆರಳು ತಾನಾಗಿ ಕಡ್ಡಿಯ ತುದಿಗೆ ಹೋಯಿತು.

ತಂಗಿ ನನ್ನ ಕೈ ಮೇಲೆ ಕೈ ಇಟ್ಟಳು.

"ಬಿಚ್ಚಬೇಡ ಅಕ್ಕ."

ಬಿಚ್ಚಲಿಲ್ಲ. ಅದರ ಮೇಲೆ ಅವಳು ತನ್ನ ಸಾಲು ಶುರು ಮಾಡಿದಳು. ಹೊರಗೆ ಕತ್ತಲಾದರೂ ಯಾರೂ ಮನೆಗೆ ಹೊರಡಲಿಲ್ಲ. ಅನ್ನ ಎಷ್ಟು ಇಡಲಿ ಎಂದು ದೊಡ್ಡವನು ಅಡುಗೆಮನೆಯಿಂದ ಕೂಗಿ ಕೇಳುತ್ತಿದ್ದ. ನಾಲ್ವರಿಗೆ ಎಂದೆ.